ಸರ್ಕಾರ ಬ್ಯಾಂಕನ್ನು ಉಳಿಸಿದರೆ ನನ್ನ ದುಡ್ಡೂ ಉಳಿಯುತ್ತಾ?

ಬ್ಯಾಂಕಿಗೆ ಆರ್‌ಬಿಐ ನಿರ್ಬಂಧ ಹಾಕಿದೆ, ಸರ್ಕಾರ ಕೈಬಿಡಲ್ಲ ಅಂತ ಟಿವಿಯಲ್ಲಿ ಹೇಳ್ತಿದ್ದಾರೆ, ನಂಬಿ ಸುಮ್ಮನಿರಲಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಪ್ರಶ್ನೆಯೇ ಸರಿಯಿಲ್ಲ. ಬ್ಯಾಂಕ್ ಉಳಿಯೋದು ಬೇರೆ, ನಿಮ್ಮ ದುಡ್ಡು ಉಳಿಯೋದು ಬೇರೆ.

ಯೆಸ್ ಬ್ಯಾಂಕ್ ನೋಡಿ. 2020ರ ಮಾರ್ಚ್ 5ಕ್ಕೆ ಮೊರಟೋರಿಯಂ ಬಂತು, 50,000 ರೂಪಾಯಿಗಿಂತ ಹೆಚ್ಚು ತೆಗೆಯೋ ಹಾಗಿರಲಿಲ್ಲ. ಸ್ಟೇಟ್ ಬ್ಯಾಂಕ್ 6,050 ಕೋಟಿ ಹಾಕಿತು, ಖಾಸಗಿ ಬ್ಯಾಂಕುಗಳೂ ಕೈಜೋಡಿಸಿದವು. 18ರ ಸಂಜೆ ನಿರ್ಬಂಧ ತೆರವಾಯಿತು. ಎಸ್‌ಬಿ ಖಾತೆ, ಎಫ್‌ಡಿ ಇದ್ದವರಿಗೆ ಪೂರ್ತಿ ದುಡ್ಡು ಸಿಕ್ಕಿತು. ಅದೇ ಬ್ಯಾಂಕಿನ ಎಟಿ-1 ಬಾಂಡ್ ಇಟ್ಟುಕೊಂಡವರ ಸುಮಾರು 8,415 ಕೋಟಿಯನ್ನು ಸೊನ್ನೆ ಅಂತ ಬರೆದುಬಿಟ್ಟರು.

ಜನ ಮೋಸಹೋಗಿದ್ದು ಇಲ್ಲೇ, ಇದನ್ನು ಸ್ವಲ್ಪ ಬಿಡಿಸಿಯೇ ಹೇಳ್ತೀನಿ. ಆ ಬಾಂಡುಗಳನ್ನು ಸಾಮಾನ್ಯ ಗ್ರಾಹಕರಿಗೆ 'ಸೂಪರ್ ಎಫ್‌ಡಿ' ಅಂತ ಹೇಳಿ ಮಾರಿದ್ದರು. ಮಾರಿದ್ದು ಪರಿಚಯದ ಬ್ಯಾಂಕಿನವರೇ, ಬಡ್ಡಿಯೂ ಎಫ್‌ಡಿಗಿಂತ ಹೆಚ್ಚು, ಯಾರಿಗೆ ತಾನೇ ಅನುಮಾನ ಬರುತ್ತೆ? ಆದರೆ ಎಟಿ-1 ಅಂದರೆ ಬ್ಯಾಂಕಿನ ಬಂಡವಾಳದ ಭಾಗ. ಅದಕ್ಕೆ ವಾಯಿದೆಯೇ ಇಲ್ಲ. ಬ್ಯಾಂಕ್ ಮುಳುಗೋ ಹಂತಕ್ಕೆ ಬಂದರೆ ಅಸಲನ್ನೇ ರದ್ದು ಮಾಡಬಹುದು ಅನ್ನೋ ಷರತ್ತು ಅದರಲ್ಲೇ ಇರುತ್ತೆ. 2023ರ ಜನವರಿಯಲ್ಲಿ ಬಾಂಬೆ ಹೈಕೋರ್ಟ್ ಬಾಂಡುದಾರರ ಪರ ತೀರ್ಪು ಕೊಟ್ಟರೂ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ದುಡ್ಡು ಕೈಗೆ ಬರಲಿಲ್ಲ.

ಹಾಗಾಗಿ ಟಿವಿ ಆರಿಸಿ, ಕಾಗದ ತೆಗೆಯಿರಿ. ಎಫ್‌ಡಿ ರಸೀದಿಯಲ್ಲಿ ಠೇವಣಿ ಸಂಖ್ಯೆ, ವಾಯಿದೆ ಮುಗಿಯುವ ದಿನಾಂಕ ಇರುತ್ತೆ. ಅದರ ಬದಲು ಡಿಮ್ಯಾಟ್ ಸ್ಟೇಟ್‌ಮೆಂಟಿನಲ್ಲಿ ಐಎನ್‌ಇ ಅಂತ ಶುರುವಾಗೋ ಐಎಸ್‌ಐಎನ್ ನಂಬರ್ (ಷೇರು, ಬಾಂಡುಗಳ ಗುರುತಿನ ಸಂಖ್ಯೆ), ಪಕ್ಕದಲ್ಲಿ 'ಪರ್ಪೆಚುಯಲ್' (ಅಂದರೆ ವಾಯಿದೆಯೇ ಇಲ್ಲದ್ದು) ಅಂತ ಕಂಡರೆ ಅದು ಠೇವಣಿಯಲ್ಲ, ವಿಮೆಯೂ ಇಲ್ಲ.

ಠೇವಣಿಯೇ ಆಗಿದ್ದರೆ ಡಿಐಸಿಜಿಸಿ (ಬ್ಯಾಂಕ್ ಠೇವಣಿಗೆ ವಿಮೆ ಕೊಡೋ ಆರ್‌ಬಿಐ ಅಂಗಸಂಸ್ಥೆ) ವಿಮೆ ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ. ಲೆಕ್ಕ ಬ್ಯಾಂಕಿಗೆ, ಶಾಖೆಗಲ್ಲ: ಜಯನಗರದಲ್ಲಿ 3 ಲಕ್ಷ, ಮಲ್ಲೇಶ್ವರದಲ್ಲಿ 4 ಲಕ್ಷ ಒಂದೇ ಬ್ಯಾಂಕಿನಲ್ಲಿಟ್ಟರೆ ಸಿಗೋದು 5 ಲಕ್ಷವೇ. ಗಂಡ ಹೆಂಡತಿಯ ಜಂಟಿ ಖಾತೆಗೆ ಬೇರೆಯೇ ಮಿತಿ. ಇನ್ನು ನಿಮ್ಮದು ಪತ್ತಿನ ಸಹಕಾರ ಸಂಘವೋ ಸೌಹಾರ್ದ ಸಹಕಾರಿಯೋ ಆಗಿದ್ದರೆ ಈ ವಿಮೆ ಅನ್ವಯಿಸೋದೇ ಇಲ್ಲ. ಬೋರ್ಡಿನಲ್ಲಿ 'ಬ್ಯಾಂಕ್' ಅಂತ ಇದೆಯಾ, ನೋಡಿ.

ನಿರ್ಬಂಧದ ಕಾಲದಲ್ಲಿ 90 ದಿನದೊಳಗೆ ವಿಮೆ ಹಣ ಕೊಡಬೇಕು ಅನ್ನೋ ನಿಯಮ 2021ರಲ್ಲಿ ಬಂದಿದೆ. ಮೊದಲ 45 ದಿನದಲ್ಲಿ ಬ್ಯಾಂಕ್ ಠೇವಣಿದಾರರ ಪಟ್ಟಿ ಕಳಿಸಬೇಕು. ಅಷ್ಟರೊಳಗೆ ವಿಮೆ ಹಣ ಪಡೆಯೋಕೆ ಒಪ್ಪಿಗೆ ಪತ್ರ, ಗುರುತಿನ ದಾಖಲೆ, ಇನ್ನೊಂದು ಬ್ಯಾಂಕಿನ ಖಾತೆ ವಿವರ ಶಾಖೆಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ವಿಲೀನದ ಮಾತುಕತೆ ನಡೀತಿದ್ದರೆ ಇನ್ನೂ 90 ದಿನ ಮುಂದೆ ಹೋಗಬಹುದು. ನಿರ್ಬಂಧ ಬಿದ್ದಿರೋ ಬ್ಯಾಂಕಿನ ಖಾತೆಯಿಂದ ಹೋಗೋ ಸಾಲದ ಕಂತನ್ನು ಮಾತ್ರ ಇವತ್ತೇ ಬೇರೆ ಬ್ಯಾಂಕಿಗೆ ಬದಲಾಯಿಸಿ. ಬೌನ್ಸ್ ಆದರೆ ದಂಡ ಕಟ್ಟಬೇಕಾದವರು ನೀವೇ.