ಡ್ರಾಯಿಂಗ್ ಚೆನ್ನಾಗಿ ಬರುತ್ತೆ, ಆರ್ಕಿಟೆಕ್ಟ್ ಆಗೋಕೆ ಅಷ್ಟು ಸಾಕಾ?

ಮಗಳು ಸೆಕೆಂಡ್ ಪಿಯು ಪಿಸಿಎಂಬಿ, ಡ್ರಾಯಿಂಗ್ ಚೆನ್ನಾಗಿ ಬರುತ್ತೆ, ಆರ್ಕಿಟೆಕ್ಟ್ ಆಗಬೇಕು ಅಂತಾಳೆ, ಏನು ಓದಿಸಬೇಕು, ಸಿವಿಲ್ ಮಾಡಿ ಆಮೇಲೆ ಆಗಬಹುದಾ ಅಂತ ಕೇಳಿದ್ದೀರಿ.

ಸಿವಿಲ್ ವಿಷಯ ಮೊದಲು ಮುಗಿಸಿಬಿಡೋಣ. ಆಗಲ್ಲ. ಸಿವಿಲ್ ಓದಿದವರು ಮನೆ ಪ್ಲಾನ್ ಮಾಡಬಹುದು, ನಮ್ಮ ಊರುಗಳಲ್ಲಿ ಎಷ್ಟೋ ಮನೆಗಳು ಎದ್ದಿರುವುದೇ ಹಾಗೆ. ಆದರೆ ‘ಆರ್ಕಿಟೆಕ್ಟ್’ ಅಂತ ಬೋರ್ಡ್ ಹಾಕಿಕೊಳ್ಳಬೇಕೆಂದರೆ 1972ರ ಆರ್ಕಿಟೆಕ್ಟ್ಸ್ ಕಾಯ್ದೆ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಆಗಿರಬೇಕು, ಅದಕ್ಕೆ ಬಿ.ಆರ್ಕ್, ಅಂದರೆ ಆರ್ಕಿಟೆಕ್ಚರ್ ಡಿಗ್ರಿ, ಓದಿರಬೇಕು. 2020ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಬಿಡಿಸಿ ಹೇಳಿತು: ಆ ಕಾಯ್ದೆ ಕಾಯುವುದು ಹೆಸರನ್ನು, ಕೆಲಸವನ್ನಲ್ಲ.

ಬಿ.ಆರ್ಕ್ 5 ವರ್ಷ. ಪಿಯುನಲ್ಲಿ ಮ್ಯಾಥ್ಸ್ ಇರಲೇಬೇಕು, ಪಿಸಿಎಂಬಿ ಆದ್ದರಿಂದ ನಿಮಗೆ ಆ ಚಿಂತೆ ಇಲ್ಲ. ತುಂಬಾ ಜನ ಸಿಇಟಿ ರ‍್ಯಾಂಕ್ ಮೇಲೆ ಸೀಟು ಸಿಗುತ್ತೆ ಅಂದ್ಕೊಂಡಿರುತ್ತಾರೆ. ಸಿಗಲ್ಲ. ನಾಟಾ ಅಂತ ಬೇರೆ ಪರೀಕ್ಷೆ ಇದೆ, 200 ಅಂಕಕ್ಕೆ, ಅದರಲ್ಲಿ ಡ್ರಾಯಿಂಗ್‌ಗೆ 80. ಸೀಟು ಹಂಚುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಆ ಅಂಕ ಅರ್ಧ, ಸೆಕೆಂಡ್ ಪಿಯು ಅಂಕ ಅರ್ಧ ತೆಗೆದುಕೊಂಡು ರ‍್ಯಾಂಕ್ ಕೊಡುತ್ತದೆ. ಹಾಗಾಗಿ ಡ್ರಾಯಿಂಗ್ ಕೋಚಿಂಗ್‌ಗೆ ಓಡಾಡಿ ಬೋರ್ಡ್ ಪರೀಕ್ಷೆ ಕೆಡಿಸಿಕೊಳ್ಳಬಾರದು. ಐಐಟಿಗಳ ಪೈಕಿ ಖರಗ್‌ಪುರ, ರೂರ್ಕಿಯಲ್ಲೂ ಬಿ.ಆರ್ಕ್ ಇದೆ, ಅದರ ದಾರಿ ಬೇರೆ: ಜೆಇಇ ಅಡ್ವಾನ್ಸ್ಡ್ ಪಾಸಾಗಿ ಮೇಲೊಂದು ಆಪ್ಟಿಟ್ಯೂಡ್ ಟೆಸ್ಟ್. ಯಾವ ಕಾಲೇಜೇ ಆಗಲಿ, ಕೌನ್ಸಿಲ್‌ನ ಅನುಮತಿ ಇದೆಯಾ ನೋಡಿಯೇ ಫೀಸು ಕಟ್ಟಿ.

ಇನ್ನು ಡ್ರಾಯಿಂಗ್. ನನಗೂ ಚೆನ್ನಾಗಿ ಬರುತ್ತಿತ್ತು, ಅದೇ ಧೈರ್ಯದಲ್ಲಿ ಸೇರಿದೆ. ಮೊದಲ ಜ್ಯೂರಿಗೆ, ಅಂದರೆ ಮಾಡಿದ ಡಿಸೈನ್ ಅನ್ನು ಪರೀಕ್ಷಕರ ಮುಂದೆ ತೋರಿಸುವ ದಿನಕ್ಕೆ, ರಾತ್ರಿಯಿಡೀ ಮೌಂಟ್‌ಬೋರ್ಡ್ ಕತ್ತರಿಸಿ, ಬೆರಳಿಗೆಲ್ಲ ಫೆವಿಕಾಲ್ ಮೆತ್ತಿಕೊಂಡು ಒಂದು ಚಂದದ ಮಾಡೆಲ್ ಮಾಡಿದ್ದೆ. ಬಂದವರು ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ ಒಂದೇ ಪ್ರಶ್ನೆ ಕೇಳಿದರು, ‘ಮಳೆ ನೀರು ಎಲ್ಲಿಗೆ ಹೋಗುತ್ತೆ?’ ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಮಲೆನಾಡಿನ ಒಂದು ಹಳೇ ತೊಟ್ಟಿ ಮನೆಗೆ ಅಳತೆ ತೆಗೆಯಲು ಕರೆದುಕೊಂಡು ಹೋದರು. ಟೇಪ್ ಹಿಡಿದು ಮೂರು ದಿನ. ಮಾಡಿನ ಸೂರು ಎಷ್ಟು ಕೆಳಗಿತ್ತೆಂದರೆ ದಿನಕ್ಕೆರಡು ಸಲ ತಲೆ ತಾಗುತ್ತಿತ್ತು, ಇಷ್ಟು ತಗ್ಗಾಗಿ ಯಾಕೆ ಕಟ್ಟಿದರೋ ಅಂತ ಬೈಕೊಂಡೆ. ಮೂರನೇ ದಿನ ಇರಿಚಲು ಹೊಡೆಯುವ ಮಳೆ ಬಂತು. ಜಗಲಿ ಒಣಗಿಯೇ ಇತ್ತು.

ಸ್ಟ್ರಕ್ಚರ್ಸ್, ಪ್ಲಂಬಿಂಗ್, ಇತಿಹಾಸ, ಎಸ್ಟಿಮೇಶನ್ ಎಲ್ಲ ಇರುತ್ತೆ, ಓದಿದರೆ ಪಾಸಾಗಬಹುದು. ಜಾಸ್ತಿ ಕಲಿಸುವುದು ಟ್ರೈನಿಂಗ್ ಸೆಮಿಸ್ಟರ್, ಅಂದರೆ ಕೊನೆಯ ಎರಡು ವರ್ಷದಲ್ಲಿ ಒಂದು ಇಡೀ ಸೆಮಿಸ್ಟರ್ ಯಾವುದಾದರೂ ಆರ್ಕಿಟೆಕ್ಟ್ ಆಫೀಸಿನಲ್ಲಿ ದುಡಿಯಬೇಕು. ಸ್ಟೈಪೆಂಡ್ ಬಗ್ಗೆ ಕೇಳಬೇಡಿ, ನನ್ನದು ಪೆಟ್ರೋಲಿಗೇ ಸರಿಹೋಗುತ್ತಿತ್ತು. ಅಲ್ಲಿ ನನಗೆ ಒಂದು ಮನೆಯ ಮೆಟ್ಟಿಲು ಬಿಡಿಸಲು ಕೊಟ್ಟರು. ಹತ್ತಡಿ ಎತ್ತರ, ಆರಿಂಚಿನ 20 ರೈಸರ್ (ಒಂದೊಂದು ಮೆಟ್ಟಿಲಿನ ಏರು), ಪ್ಲಾನ್‌ನಲ್ಲಿ ಎಲ್ಲ ಸರಿಯಾಗಿ ಕೂತಿತ್ತು. ಸೈಟಿನಲ್ಲಿ ಮೇಸ್ತ್ರಿ ಗೋಡೆ ಮೇಲೆ ನೂಲು ಹೊಡೆದು ಮೆಟ್ಟಿಲು ಗುರುತು ಮಾಡಿದರು, ಮೇಲೆ ನೋಡಿದರು, ಇನ್ನೊಮ್ಮೆ ನನ್ನ ಶೀಟ್ ನೋಡಿದರು. ‘ಸಾರ್, ಎಂಟನೇ ಮೆಟ್ಟಿಲಲ್ಲಿ ನಿಂತರೆ ತಲೆ ಎಲ್ಲಿ ಇಡೋದು?’ ಎಂಟನೇ ಮೆಟ್ಟಿಲು ಅಂದರೆ ನಾಲ್ಕಡಿ ಮೇಲೆ. ಅಲ್ಲೇ ಅಡ್ಡ ಬರುವ ಬೀಮಿನ ತಳ ಎಂಟೂಮುಕ್ಕಾಲು ಅಡಿಗೆ. ಉಳಿದದ್ದು ನಾಲ್ಕೂಮುಕ್ಕಾಲು ಅಡಿ! ಸೆಕ್ಷನ್, ಅಂದರೆ ಕಟ್ಟಡವನ್ನು ಮೇಲಿಂದ ಕೆಳಗೆ ಸೀಳಿದಂತೆ ತೋರಿಸುವ ಡ್ರಾಯಿಂಗ್, ತೆಗೆಯುವಾಗ ಆ ಬೀಮ್ ಕಾಣದ ಕಡೆ ಕತ್ತರಿಸಿದ್ದೆ. ಪುಣ್ಯಕ್ಕೆ ಇನ್ನೂ ಸೆಂಟ್ರಿಂಗ್ ಹೊಡೆದಿರಲಿಲ್ಲ, ಸ್ಟ್ರಕ್ಚರಲ್ ಇಂಜಿನಿಯರ್ ಹತ್ತಿರ ಹೋಗಿ ಬೈಸಿಕೊಂಡು ಬೀಮ್ ಜರುಗಿಸಿದೆವು. ಇವತ್ತಿಗೂ ಮೆಟ್ಟಿಲಿನ ಡ್ರಾಯಿಂಗ್ ಕೊಡುವ ಮುಂಚೆ ಒಂದು ಮನುಷ್ಯನ ಬೊಂಬೆ ಬಿಡಿಸಿ ಎಂಟನೇ ಮೆಟ್ಟಿಲಲ್ಲಿ ನಿಲ್ಲಿಸುತ್ತೇನೆ.

ಕೊನೇ ಸೆಮಿಸ್ಟರ್ ಥೀಸಿಸ್. ಡಿಗ್ರಿ ಬಂದ ಮೇಲೆ ನೋಂದಣಿಗೆ ಅರ್ಜಿ ಹಾಕಿದರೆ ನಂಬರ್ ಬರುತ್ತೆ, ಆಮೇಲೆ ರಿನ್ಯೂ ಮಾಡಿಸುತ್ತಾ ಇರಬೇಕು. ನಂಬರ್ ಬಂದ ಮರುದಿನವೇ ಸ್ವಂತ ಆಫೀಸು ತೆಗೆಯಬಹುದು, ಕಾನೂನು ಅಡ್ಡ ಬರಲ್ಲ. ಆದರೂ ಮೂರ‍್ನಾಲ್ಕು ವರ್ಷ ಬೇರೆಯವರ ಹತ್ತಿರ ಇರೋದೇ ಒಳ್ಳೇದು ಅನ್ನೋದು ನನ್ನ ಅಭಿಪ್ರಾಯ. ಆ ಹೊತ್ತಿಗೆ ಕಂಪ್ಯೂಟರ್ ಸೈನ್ಸ್ ಓದಿದ ಗೆಳತಿಯರು ಕಾರು ತಗೊಂಡಿರುತ್ತಾರೆ. ಇದನ್ನು ಮಗಳಿಗೆ ಈಗಲೇ ಹೇಳಿಬಿಡಿ.

ಅವಳಿಗೆ ಇದು ಒಗ್ಗುತ್ತಾ ನೋಡಬೇಕೆಂದರೆ ಪರೀಕ್ಷೆ ಮುಗಿದ ಮೇಲೆ ಒಂದು ಟೇಪ್ ಕೊಟ್ಟು ನಿಮ್ಮ ಅಡುಗೆಮನೆ ಅಳೆದು ಬಿಡಿಸಲು ಹೇಳಿ. ಕಿಟಕಿ ಎತ್ತರ, ಕಟ್ಟೆ ಎತ್ತರ, ಸಿಲಿಂಡರ್ ಇಡುವ ಜಾಗ, ಎಲ್ಲ. ಅರ್ಧ ಗಂಟೆಯಲ್ಲಿ ಬೇಜಾರಾದರೆ ಇನ್ನೊಮ್ಮೆ ಯೋಚನೆ ಮಾಡಿ. ಮತ್ತೆ, ದುಬಾರಿ ಲ್ಯಾಪ್‌ಟಾಪ್ ಈಗಲೇ ಕೊಡಿಸಬೇಡಿ. ಮೊದಲ ವರ್ಷ ಸಾಮಾನ್ಯವಾಗಿ ಕೈಯಲ್ಲೇ ಬಿಡಿಸುವ ಕೆಲಸ ಜಾಸ್ತಿ, ಡ್ರಾಯಿಂಗ್ ಬೋರ್ಡ್, ಟಿ-ಸ್ಕ್ವೇರ್ ಸಾಕು.