ಪುಣೆಯಲ್ಲಿ ಮನೆಗೆ 5 ಕಿಲೋವ್ಯಾಟ್ ಸೋಲಾರ್, ಜೊತೆಗೆ ಬ್ಯಾಟರಿ: ಕರೆಂಟ್ ಮಾರಿ ದುಡ್ಡು ವಾಪಸ್ ಬರುತ್ತಾ?

ನೀವು ಬರೆದದ್ದು ಇಷ್ಟು: ವಾಘೋಲಿಯಲ್ಲಿ ಸ್ವಂತ ಮನೆ, ತಿಂಗಳಿಗೆ ಸುಮಾರು 350 ಯೂನಿಟ್ ಖರ್ಚು. ಸೋಲಾರ್‌ನವರು 5 ಕಿಲೋವ್ಯಾಟ್ ಪ್ಯಾನೆಲ್, 10 ಯೂನಿಟ್‌ನ ಲಿಥಿಯಂ ಬ್ಯಾಟರಿ ಸೇರಿಸಿ ಕೊಟೇಶನ್ ಕೊಟ್ಟಿದ್ದಾರೆ. ಉಳಿದ ಕರೆಂಟ್ ಮಾರಿದರೆ ಬ್ಯಾಟರಿಯ ದುಡ್ಡು ತಾನಾಗೇ ತೀರುತ್ತದೆ ಅಂದಿದ್ದಾರೆ. ಬೆಂಗಳೂರಿನ ನಿಮ್ಮ ಮಾವನೂ ಯೂನಿಟ್‌ಗೆ 9 ರೂಪಾಯಿ ಸಿಗುತ್ತೆ ಅಂತ ಹೇಳಿದ್ದಾರೆ.

ತೀರಲ್ಲ. ನಾನೂ ಪುಣೆಯಲ್ಲೇ, ಧಾಯರಿಯ ಒಂದು ರೋ ಹೌಸಿನಲ್ಲಿ ಇದ್ದೇನೆ, 2024ರ ದೀಪಾವಳಿ ಹೊತ್ತಿಗೆ 3 ಕಿಲೋವ್ಯಾಟ್ ಹಾಕಿಸಿದೆ. ಅಲ್ಲಿಂದ ಇಲ್ಲಿವರೆಗೆ ಬಿಲ್ ನೋಡಿ ನೋಡಿ ಕಲಿತದ್ದನ್ನು ಹೇಳುತ್ತೇನೆ.

ಮೊದಲು ನಿಮ್ಮ ಮಾವನ 9 ರೂಪಾಯಿ ಲೆಕ್ಕ. ಅವರು ಸುಳ್ಳು ಹೇಳುತ್ತಿಲ್ಲ. 2013ರಲ್ಲಿ ಕರ್ನಾಟಕದ ವಿದ್ಯುತ್ ಆಯೋಗ ಮನೆ ಮೇಲಿನ ಸೋಲಾರ್‌ಗೆ, ಸಬ್ಸಿಡಿ ತೆಗೆದುಕೊಳ್ಳದಿದ್ದರೆ, ಯೂನಿಟ್‌ಗೆ 9.56 ರೂಪಾಯಿ ಅಂತ ದರ ಗೊತ್ತುಮಾಡಿತ್ತು. ಆಗ ಪ್ಯಾನೆಲ್ ಬಲು ದುಬಾರಿ, ಹಾಗಾಗಿ ದರವೂ ಮೇಲೆ ಇತ್ತು. ಆಗ ಒಪ್ಪಂದ ಮಾಡಿಕೊಂಡವರು ಇವತ್ತಿಗೂ ಆರಾಮಾಗಿದ್ದಾರೆ. ಆ ಕಾಲ ಹೋಯಿತು, ಆ ರಾಜ್ಯವೂ ಬೇರೆ.

ಮಹಾರಾಷ್ಟ್ರದಲ್ಲಿ ಮನೆಗಳಿಗೆ ಇರುವುದು ನೆಟ್ ಮೀಟರಿಂಗ್. ಹಗಲು ನಿಮ್ಮ ಪ್ಯಾನೆಲ್‌ನಿಂದ ಹೊರಗೆ ಹೋದ ಯೂನಿಟ್, ರಾತ್ರಿ ನೀವು ಒಳಗೆ ತೆಗೆದುಕೊಂಡ ಯೂನಿಟ್, ಎರಡನ್ನೂ ಮೀಟರ್ ಬೇರೆ ಬೇರೆ ಬರೆದುಕೊಳ್ಳುತ್ತದೆ. ತಿಂಗಳ ಕೊನೆಗೆ ಯೂನಿಟ್‌ಗೆ ಯೂನಿಟ್ ವಜಾ. ಜಾಸ್ತಿ ಉಳಿದರೆ ಮುಂದಿನ ತಿಂಗಳಿಗೆ ಜಮಾ. ಇಲ್ಲಿ ದುಡ್ಡು ಕೈಗೆ ಬರುವುದಿಲ್ಲ, ಕಿಸೆಯಿಂದ ಹೋಗುವುದು ನಿಲ್ಲುತ್ತದೆ. ಮಾರ್ಚ್ 31ಕ್ಕೆ ಖಾತೆ ಚುಕ್ತಾ. ಆಗಲೂ ಏನಾದರೂ ಉಳಿದಿದ್ದರೆ ಅದನ್ನು ಇಲ್ಲಿನ ವಿದ್ಯುತ್ ಕಂಪನಿ ಮಹಾವಿತರಣ್, ಮಹಾರಾಷ್ಟ್ರದ ಆಯೋಗ ಗೊತ್ತುಮಾಡಿದ ದರಕ್ಕೆ ಕೊಳ್ಳುತ್ತದೆ. ನೀವು ಕೊಳ್ಳುವ ದರದ ಹತ್ತಿರಕ್ಕೂ ಆ ದರ ಬರುವುದಿಲ್ಲ.

ಈ ಮಾರ್ಚ್ 31 ಅನ್ನೋದನ್ನು ಯಾವ ಸೋಲಾರ್‌ನವನೂ ಬಿಡಿಸಿ ಹೇಳುವುದಿಲ್ಲ. ಏಪ್ರಿಲ್, ಮೇ ಬಿಸಿಲಿನಲ್ಲಿ ಉಳಿಸಿದ್ದು ಮಳೆಗಾಲಕ್ಕೆ ಆಗುತ್ತದೆ. ನನ್ನ 3 ಕಿಲೋವ್ಯಾಟ್ ಮೇ ತಿಂಗಳಲ್ಲಿ ದಿನಕ್ಕೆ 13-14 ಯೂನಿಟ್ ಕೊಟ್ಟರೆ ಜುಲೈನಲ್ಲಿ 6-7 ಕೊಡುತ್ತದೆ. ಸಿಂಹಗಡ ಕೋಟೆ ಮೋಡದಲ್ಲಿ ಕಾಣದೇ ಹೋದ ದಿನಗಳಲ್ಲಿ 3 ಬಂದರೆ ಪುಣ್ಯ. ಬೇಸಿಗೆಯ ಜಮಾ ಅಲ್ಲಿ ಕೈಹಿಡಿಯುತ್ತದೆ. ಆದರೆ ಜನವರಿಯಿಂದ ಮಾರ್ಚ್‌ವರೆಗೆ ಎಸಿ ಇಲ್ಲ, ಬಿಸಿಲು ಚೆನ್ನಾಗಿದೆ. ಆಗ ಉಳಿಸಿದ್ದಕ್ಕೆ ಮುಂದಿನ ಮಳೆಗಾಲ ಕಾಣುವ ಯೋಗ ಇಲ್ಲ, ಅಗ್ಗಕ್ಕೆ ಹೋಗುತ್ತದೆ. 5 ಕಿಲೋವ್ಯಾಟ್ ಹಾಕಿದರೆ ನಿಮಗೆ ಆಗುವುದು ಇದೇ.

ಲೆಕ್ಕ ನೋಡಿ. ನಮ್ಮ ಕಡೆ 1 ಕಿಲೋವ್ಯಾಟ್ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. 3 ಕಿಲೋವ್ಯಾಟ್ ಅಂದರೆ ತಿಂಗಳಿಗೆ ಸುಮಾರು 360. ನಿಮ್ಮ ಖರ್ಚು 350. ಮುಗಿಯಿತಲ್ಲ! ಮೇಲಿನ 2 ಕಿಲೋವ್ಯಾಟ್ ಯಾರಿಗೆ?

ಇನ್ನೊಂದು ಮಾತು. ಮಹಾವಿತರಣ್‌ನ ಬಿಲ್ಲಿನಲ್ಲಿ ಸ್ಲ್ಯಾಬ್, ಅಂದರೆ ಯೂನಿಟ್ ಏರಿದಂತೆ ಏರುವ ದರದ ಮೆಟ್ಟಿಲು ಇದೆ: 100ರವರೆಗೆ, 300ರವರೆಗೆ, 500ರವರೆಗೆ, ಅದರ ಮೇಲೆ. 100 ದಾಟಿದ ಯೂನಿಟ್‌ನ ದರ ಹೆಚ್ಚುಕಡಿಮೆ ಎರಡರಷ್ಟು. 300 ದಾಟಿದರೆ ಇನ್ನೂ ಏರುತ್ತದೆ. ಮೇಲಿಂದ 16% ವಿದ್ಯುತ್ ಸುಂಕ. ಸೋಲಾರ್ ಯೂನಿಟ್ ಬಿಲ್ಲನ್ನು ತಿನ್ನುವುದು ಮೇಲಿನಿಂದ ಕೆಳಕ್ಕೆ. ಮೊದಲ ಕಿಲೋವ್ಯಾಟ್ ನಿಮ್ಮ ಅತಿ ದುಬಾರಿ ಯೂನಿಟ್‌ಗಳನ್ನು ತಿಂದು ಹಾಕುತ್ತದೆ. ಎರಡನೆಯದು ನಡುವಿನವನ್ನು. ಮೂರನೆಯದಕ್ಕೆ ಬಹುಪಾಲು ಅಗ್ಗದ ಮೊದಲ ನೂರೇ ಸಿಗುವುದು. ನಾಲ್ಕನೆಯದಕ್ಕೆ ತಿನ್ನಲು ಏನೂ ಉಳಿದಿರುವುದಿಲ್ಲ. ನನ್ನ ಕೇಳಿದರೆ ನಿಮ್ಮಂಥ ಮನೆಗೆ 2 ಕಿಲೋವ್ಯಾಟ್‌ಗೂ ಅರ್ಥ ಇದೆ. 3 ಅನ್ನುವುದು ಸಬ್ಸಿಡಿಯ ಕಾರಣಕ್ಕೆ. 2024ರ ಫೆಬ್ರುವರಿಯಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000. ಒಟ್ಟು 78,000. ಅಲ್ಲಿಗೆ ನಿಂತಿತು. 5 ಹಾಕಿದರೂ ಅಷ್ಟೇ, 10 ಹಾಕಿದರೂ ಅಷ್ಟೇ. ಬ್ಯಾಟರಿಗೆ ಇದರಲ್ಲಿ ಚಿಲ್ಲರೆಯೂ ಇಲ್ಲ.

ಎಲೆಕ್ಟ್ರಿಕ್ ಕಾರೋ ಸ್ಕೂಟರೋ ಬರುವುದಿದ್ದರೆ 4 ಹಾಕಿಸಿ, ಬೇಡ ಅನ್ನಲ್ಲ.

ಈಗ ಬ್ಯಾಟರಿ. ನಾನು ಮೊದಲು ಮೋಸ ಹೋದದ್ದೇ ಇಲ್ಲಿ. ಮೋಸ ಅನ್ನುವುದಕ್ಕಿಂತ, ನನಗೆ ಸೋಲಾರ್ ಹಾಕಿದವನು ಹೇಳಲಿಲ್ಲ, ನಾನು ಕೇಳಲಿಲ್ಲ. ಪ್ಯಾನೆಲ್ ಇದೆ, ಬಿಸಿಲು ಇದೆ, ಇನ್ನು ಕರೆಂಟ್ ಹೋದರೆ ನಮಗೇನು ಅಂದುಕೊಂಡಿದ್ದೆ. ಹಳೇ ಇನ್ವರ್ಟರನ್ನು ತಂಗಿಯ ಮನೆಗೆ ಕೊಟ್ಟೂ ಆಗಿತ್ತು. ಪುಣೆಯ ಗುರುವಾರ ನಿಮಗೆ ಗೊತ್ತಲ್ಲ, ರಿಪೇರಿ ಅಂತ ಲೈನ್ ತೆಗೆಯುವ ದಿನ, ಒಮ್ಮೊಮ್ಮೆ ನೀರೂ ಇರುವುದಿಲ್ಲ. ಅಂಥ ಒಂದು ಗುರುವಾರ ಬೆಳಿಗ್ಗೆ ಹತ್ತಕ್ಕೆ ಕರೆಂಟ್ ಹೋಯಿತು. ಹೊರಗೆ ಕಣ್ಣು ಬಿಡಲಾಗದಷ್ಟು ಬಿಸಿಲು, ಒಳಗೆ ಫ್ಯಾನ್ ನಿಂತಿದೆ, ನನ್ನ ಆಫೀಸ್ ಮೀಟಿಂಗ್ ಅರ್ಧಕ್ಕೆ ಕಡಿದಿದೆ. ಪಕ್ಕದ ಮನೆ ಕಾಕಾ ಕಾಂಪೌಂಡ್ ಮೇಲಿಂದ ಇಣುಕಿ "ಕಾಯ್ ಹೋ, ತುಮ್ಚೀ ಪಣ್ ಲೈಟ್ ಗೇಲೀ?" ಅಂದರು. ನಿಮ್ಮದೂ ಹೋಯ್ತಾ ಅಂತ. ಅವರ ಮನೆಯ ಹಳೇ ಬ್ಯಾಟರಿಯ ಮೇಲೆ ಟಿವಿ ನಡೆಯುತ್ತಿತ್ತು.

ಆಮೇಲೆ ತಿಳಿಯಿತು. ಸಾಮಾನ್ಯವಾಗಿ ಹಾಕುವುದು ಆನ್-ಗ್ರಿಡ್, ಅಂದರೆ ಹೊರಗಿನ ಲೈನಿಗೆ ಕಟ್ಟಿಕೊಂಡೇ ನಡೆಯುವ ಇನ್ವರ್ಟರ್. ಹೊರಗಿನ ಲೈನಿನಲ್ಲಿ ಕರೆಂಟ್ ಇಲ್ಲ ಅಂತ ಗೊತ್ತಾದ ಕೂಡಲೇ ಅದು ತಾನೂ ಬಂದ್ ಆಗುತ್ತದೆ. ಆಗಲೇಬೇಕು. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮ್ಯಾನ್ ಲೈನ್ ಸತ್ತಿದೆ ಅಂತ ನಂಬಿ ಕೈ ಹಾಕಿರುತ್ತಾನೆ. ನಮ್ಮ ಮನೆಯಿಂದ ಕರೆಂಟ್ ಹಿಂದಕ್ಕೆ ಹೋದರೆ ಅವನ ಗತಿ ಏನು? ಹಾಗಾಗಿ ಇದರಲ್ಲಿ ತಕರಾರಿಗೆ ಜಾಗ ಇಲ್ಲ.

ಕರೆಂಟ್ ಹೋದಾಗಲೂ ಪ್ಯಾನೆಲ್ ನಡೆಯಬೇಕೆಂದರೆ ಹೈಬ್ರಿಡ್ ಇನ್ವರ್ಟರ್, ಬ್ಯಾಟರಿ ಎರಡೂ ಬೇಕು. ಅದು ಮನೆಯನ್ನು ಲೈನಿನಿಂದ ಬೇರ್ಪಡಿಸಿಕೊಂಡು ಆಯ್ದ ಕೆಲವು ಪಾಯಿಂಟ್‌ಗಳಿಗೆ ಮಾತ್ರ ಕರೆಂಟ್ ಕೊಡುತ್ತದೆ. ಅದಕ್ಕೆ ವೈರಿಂಗ್ ಬೇರೆ ಎಳೆಯಬೇಕು. ಕೊಟೇಶನ್‌ನಲ್ಲಿ ಆ ಕೆಲಸ ಸೇರಿದೆಯಾ ಅಂತ ನೋಡಿ, ಹೆಚ್ಚಾಗಿ ಸೇರಿರುವುದಿಲ್ಲ.

ಆದರೆ ನಿಮಗೆ ಎಷ್ಟು ಬೇಕು? ನಾಲ್ಕು ಫ್ಯಾನ್, ಐದಾರು ಎಲ್‌ಇಡಿ, ವೈಫೈ, ಒಂದು ಲ್ಯಾಪ್‌ಟಾಪ್. ಎಲ್ಲ ಸೇರಿ 400-450 ವ್ಯಾಟ್. ನಾಲ್ಕು ಗಂಟೆಗೆ 2 ಯೂನಿಟ್‌ನ ಒಳಗೆ. ಬಿಎಲ್‌ಡಿಸಿ ಫ್ಯಾನ್ ಇದ್ದರೆ ಇನ್ನೂ ಕಡಿಮೆ, ಅವು ಒಂದೊಂದು 30 ವ್ಯಾಟ್ ಆಸುಪಾಸು ತಿನ್ನುತ್ತವೆ. ಇದಕ್ಕೆ 10 ಯೂನಿಟ್‌ನ ಬ್ಯಾಟರಿ ಅಂದರೆ ಇಬ್ಬರ ಊಟಕ್ಕೆ ಮದುವೆ ಮನೆ ಹಂಡೆ ತಂದ ಹಾಗೆ. ನಾನು ಕೊನೆಗೆ ಮಾಡಿದ್ದು ಇಷ್ಟೇ. ಸೋಲಾರನ್ನು ಹಾಗೇ ಬಿಟ್ಟೆ. ಪಕ್ಕದಲ್ಲಿ ಸಾದಾ ಇನ್ವರ್ಟರ್, 150 ಎಎಚ್‌ನ ಎರಡು ಟ್ಯೂಬುಲರ್ ಬ್ಯಾಟರಿ ಇಟ್ಟೆ. ಕಾಗದದ ಮೇಲೆ ಒಂದೊಂದು 1.8 ಯೂನಿಟ್, ಕೈಗೆ ಸಿಗುವುದು ಒಂದರ ಮೇಲೆ ಸ್ವಲ್ಪ. ಎರಡು ಸೇರಿದರೆ ಗುರುವಾರ ಕಳೆಯುತ್ತದೆ. ಒಂದು ಎಚ್ಚರಿಕೆ: ಸೋಲಾರ್ ಇನ್ವರ್ಟರಿನ ತಂತಿಯನ್ನು ಈ ಬ್ಯಾಟರಿ ಇನ್ವರ್ಟರಿನ ಔಟ್‌ಪುಟ್ ಕಡೆಗೆ ಯಾವ ಕಾರಣಕ್ಕೂ ಸೇರಿಸಬಾರದು. ಅದು ಮೇನ್ ಬೋರ್ಡಿಗೇ ಹೋಗಬೇಕು.

"ಸಂಜೆ ಬ್ಯಾಟರಿಯ ಕರೆಂಟ್ ಬಳಸಿ ಉಳಿಸಿ" ಅನ್ನುವುದೂ ಈಗಿನ ಮಟ್ಟಿಗೆ ಸುಮ್ನೆ ಮಾತು. ಯೂನಿಟ್‌ಗೆ ಯೂನಿಟ್ ವಜಾ ಆಗುವ ತನಕ ಹೊರಗಿನ ಲೈನೇ ನಿಮ್ಮ ಬ್ಯಾಟರಿ, ಅದೂ ಪುಕ್ಕಟೆ. ಸ್ವಂತ ಬ್ಯಾಟರಿಯಲ್ಲಿ ತುಂಬಿ ತೆಗೆಯುವಾಗ ಹತ್ತರಲ್ಲಿ ಒಂದು ಪಾಲು ಸೋರಿ ಹೋಗುತ್ತದೆ. ಮುಂದೆ ಹಗಲಿನ ಯೂನಿಟ್ ಸಂಜೆಯ ಯೂನಿಟ್‌ಗೆ ವಜಾ ಆಗದ ಹಾಗೆ ನಿಯಮವೇ ಬದಲಾದರೆ ಲೆಕ್ಕ ತಿರುಗಬಹುದು. ಆ ಅನುಮಾನ ನಿಮ್ಮನ್ನು ಕಾಡಿದರೆ ಇನ್ವರ್ಟರ್ ಮಾತ್ರ ಹೈಬ್ರಿಡ್ ತಗೊಳ್ಳಿ, ಬ್ಯಾಟರಿ ಆಮೇಲೆ. ಬ್ಯಾಟರಿ ಬೆಲೆ ಇಳಿಯುತ್ತಲೇ ಇದೆ, ಅವಸರ ನಮಗೇನಿಲ್ಲ.

ಮನೆಯಲ್ಲಿ ಆಕ್ಸಿಜನ್ ಯಂತ್ರದ ಮೇಲೆ ಇರುವವರು ಯಾರಾದರೂ ಇದ್ದರೆ ಮೇಲಿನ ಯಾವ ಲೆಕ್ಕವೂ ಬೇಡ, ಲಿಥಿಯಂ ಬ್ಯಾಟರಿ ಹಾಕಿಸಿಬಿಡಿ.

ಉಳಿದದ್ದು ಬೇಗ ಹೇಳುತ್ತೇನೆ. ಬಿಲ್ ಯಾರ ಹೆಸರಲ್ಲಿದೆ ನೋಡಿ. ನಮ್ಮದು ನನ್ನ ಮಾವನವರ ಹೆಸರಲ್ಲಿತ್ತು, ಹೆಸರು ಬದಲಿಸುವುದಕ್ಕೇ ಒಂದೂವರೆ ತಿಂಗಳು ಹೋಯಿತು. ಸಬ್ಸಿಡಿ ಬೇಕಿದ್ದರೆ ಪ್ಯಾನೆಲ್ ಡಿಸಿಆರ್ ಆಗಿರಬೇಕು, ಅಂದರೆ ಒಳಗಿನ ಸೆಲ್ ಕೂಡ ಭಾರತದಲ್ಲೇ ಆದದ್ದು. ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಪ್ಯಾನೆಲ್‌ಗೆ 12ರಿಂದ 5%ಗೆ ಇಳಿದಿದೆ, ಹಳೇ ಕೊಟೇಶನ್ನಿಗೇ ತಾರೀಖು ಬದಲಿಸಿ ಕೊಟ್ಟಿದ್ದಾರಾ ಅಂತ ಕೇಳಿ. 10 ಕಿಲೋವ್ಯಾಟ್‌ವರೆಗೆ ತಾಂತ್ರಿಕ ಪರಿಶೀಲನೆ ಇಲ್ಲದೇ ಅರ್ಜಿ ಒಪ್ಪಬೇಕು ಅಂತ 2024ರಲ್ಲೇ ನಿಯಮ ಬಂದಿದೆ, "ಅದಕ್ಕೊಂದು ಖರ್ಚಿದೆ" ಅಂತ ಯಾರಾದರೂ ಅಂದರೆ ಕೊಡಬೇಡಿ.

ನೀರಿನ ಟ್ಯಾಂಕಿನ ನೆರಳು ಒಂದು ಪ್ಯಾನೆಲ್‌ನ ಮೂಲೆಗೆ ಬಿದ್ದರೂ ಇಡೀ ಸಾಲು ಸೊರಗುತ್ತದೆ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಆಗಿನ ನೆರಳು ಉದ್ದ. ಆಗ ಒಂದು ದಿನ ಸಂಜೆ ನಾಲ್ಕಕ್ಕೆ ಟೆರೇಸ್ ಹತ್ತಿ ನೋಡಿ, ಆಮೇಲೆ ಜಾಗ ಗೊತ್ತುಮಾಡಿ. ವಾಘೋಲಿಯಲ್ಲಿ ಕಟ್ಟಡದ ಕೆಲಸ ನಿಲ್ಲುವ ಲಕ್ಷಣ ಇಲ್ಲ, ಧೂಳು ಬೀಳುತ್ತಲೇ ಇರುತ್ತದೆ. ಹದಿನೈದು ದಿನಕ್ಕೊಮ್ಮೆ ಬೆಳಿಗ್ಗೆ ಬಿಸಿಲು ಏರುವ ಮೊದಲು ತೊಳೆಯಿರಿ. ಟ್ಯಾಂಕರ್ ನೀರು ಗಡಸಾಗಿದ್ದರೆ ಬಟ್ಟೆಯಿಂದ ಒರೆಸಿ ತೆಗೆಯಿರಿ, ಇಲ್ಲದಿದ್ದರೆ ಬಿಳಿ ಕಲೆ ಕೂರುತ್ತದೆ.

ನನಗೆ ಆದ ಖರ್ಚು ಕೇಳಿದ್ದಿರಿ. 1,95,000 ಕೊಟ್ಟೆ, 78,000 ಖಾತೆಗೆ ವಾಪಸ್ ಬಂತು. ಮುಂಚೆ ಬಿಲ್ 3,000ದ ಆಸುಪಾಸು ಇತ್ತು, ಈಗ ಹೆಚ್ಚಿನ ತಿಂಗಳು ಸ್ಥಿರ ಶುಲ್ಕದ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಆ ಇನ್ವರ್ಟರ್ ಮತ್ತು ಎರಡು ಬ್ಯಾಟರಿಗೆ ಬೇರೆ 42,000 ಆಯಿತು. ತಂಗಿಯಿಂದ ಹಳೇದನ್ನು ವಾಪಸ್ ಕೇಳಲು ಮನಸ್ಸಾಗಲಿಲ್ಲ.