ಘಾಟಿಯ ತಿರುವು: ಬ್ರೇಕ್ ಎಲ್ಲಿ ಹಿಡಿಯಬೇಕು, ಕಣ್ಣು ಎಲ್ಲಿಡಬೇಕು?

ಪ್ರಶ್ನೆ: ಆರು ತಿಂಗಳ ಹಿಂದೆ 150 ಸಿಸಿ ಬೈಕ್ ಕೊಂಡೆ. ಊರೊಳಗೆ ಓಡಿಸಲು ತೊಂದರೆಯಿಲ್ಲ. ಆದರೆ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವಾಗ ಎಡ ತಿರುವುಗಳಲ್ಲಿ ಗಾಡಿ ನಡುಗೆರೆ ದಾಟಿ ಬಲಕ್ಕೆ ಎಳೆದಂತಾಗುತ್ತದೆ. ಬಲ ತಿರುವುಗಳಲ್ಲಿ ಹೀಗಾಗುವುದಿಲ್ಲ. ಬೈಕ್‌ನಲ್ಲೇ ದೋಷವಿದೆಯೇ? – ಓದುಗರು, ಹಾಸನ

ಉತ್ತರ: ಬೈಕ್‌ನಲ್ಲಿ ದೋಷವಿದ್ದರೆ ನೇರ ರಸ್ತೆಯಲ್ಲೂ ಅದು ಒಂದು ಕಡೆಗೆ ಎಳೆಯುತ್ತಿತ್ತು. ಇಲ್ಲಿರುವುದು ವೇಗದ ಸಮಸ್ಯೆ, ಜೊತೆಗೆ ತಿರುಗಲು ಶುರುಮಾಡುವ ಜಾಗದ ಸಮಸ್ಯೆ.

ನಮ್ಮಲ್ಲಿ ವಾಹನ ಎಡಬದಿಯಲ್ಲಿ ಹೋಗುವುದರಿಂದ ಎಡ ತಿರುವಿನಲ್ಲಿ ನಿಮ್ಮದು ಒಳದಾರಿ, ಬಲ ತಿರುವಿನಲ್ಲಿ ಹೊರದಾರಿ. ತಿರುವು ಒಂದೇ ಆದರೂ ಒಳದಾರಿ ಹೆಚ್ಚು ಬಿಗಿ. ಬಲ ತಿರುವಿಗೆ ಸರಿಹೋದ ವೇಗ ಎಡ ತಿರುವಿಗೆ ಜಾಸ್ತಿಯಾಗುತ್ತದೆ. ಎಷ್ಟು ಜಾಸ್ತಿ ಎಂಬುದು ಮೇಲ್ನೋಟಕ್ಕೆ ತಿಳಿಯುವುದಿಲ್ಲ, ಏಕೆಂದರೆ ವೇಗ ಎರಡು ಪಟ್ಟಾದರೆ ಟೈರ್ ಮೇಲೆ ಬೀಳುವ ಪಕ್ಕದ ಒತ್ತಡ ನಾಲ್ಕು ಪಟ್ಟಾಗುತ್ತದೆ. 15 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 20 ಕಿ.ಮೀ. ವೇಗಕ್ಕೆ ಬೈಕ್ ಸುಮಾರು 12 ಡಿಗ್ರಿ ವಾಲಿದರೆ ಸಾಕು. 30ಕ್ಕೆ 25 ಡಿಗ್ರಿ ಬೇಕು, 40ಕ್ಕೆ 40 ಡಿಗ್ರಿ. ಹೊಸ ಸವಾರರಿಗೆ 20 ಡಿಗ್ರಿ ದಾಟಿದರೆ ಬೀಳುತ್ತೇವೆ ಅನಿಸತೊಡಗುತ್ತದೆ. ಆಗ ಬೈಕನ್ನು ಅರಿವಿಲ್ಲದೆಯೇ ನೆಟ್ಟಗೆ ಎತ್ತುತ್ತಾರೆ, ಅದು ಹೊರಕ್ಕೆ ಓಡುತ್ತದೆ. ನಿಮಗೆ ‘ಎಳೆದಂತೆ’ ಅನಿಸುತ್ತಿರುವುದು ಬಹುಮಟ್ಟಿಗೆ ಇದೇ.

ಎರಡನೆಯ ಕಾರಣವೂ ಭಯದಿಂದಲೇ ಹುಟ್ಟುವಂಥದ್ದು. ಎದುರಿಂದ ಬಸ್ ಬಂದೀತೆಂದು ತಿರುವು ಶುರುವಾಗುವ ಮೊದಲೇ ಎಡ ಅಂಚಿಗೆ ಅಂಟಿಕೊಂಡು, ಬೇಗ ತಿರುಗಿಸಿಬಿಡುತ್ತಾರೆ. ಒಳ ಅಂಚನ್ನು ಬೇಗ ಮುಟ್ಟಿದ ಗಾಡಿಗೆ ತಿರುವಿನ ದ್ವಿತೀಯಾರ್ಧದಲ್ಲಿ ಹೊರಕ್ಕಲ್ಲದೆ ಬೇರೆ ದಾರಿಯಿರುವುದಿಲ್ಲ. ಹಾಗಾಗಿ ಎಡ ತಿರುವಿಗೆ ನಿಮ್ಮ ಲೇನ್‌ನ ನಡುವಿನಿಂದ, ಎದುರು ಖಾಲಿಯಿದ್ದರೆ ಇನ್ನೊಂದಿಷ್ಟು ಬಲದಿಂದ ಬನ್ನಿ. ರಸ್ತೆ ಎತ್ತ ಹೊರಳುತ್ತದೆ ಎಂಬುದು ಕಣ್ಣಿಗೆ ಕಾಣುವವರೆಗೆ ತಿರುಗಿಸಬೇಡಿ. ಮೊದಮೊದಲು ತೀರಾ ತಡವಾಯಿತು ಅನಿಸುತ್ತದೆ, ಆದರೆ ಅದೇ ಸರಿಯಾದ ಜಾಗ.

ಬ್ರೇಕ್ ಕೆಲಸವೆಲ್ಲ ಗಾಡಿ ನೆಟ್ಟಗಿರುವಾಗಲೇ ಮುಗಿಯಬೇಕು. ಮುಂದಿನ ಬ್ರೇಕನ್ನು ಎರಡು ಬೆರಳಲ್ಲಿ ಮೆಲ್ಲಗೆ ಶುರುಮಾಡಿ ಬಿಗಿಗೊಳಿಸುತ್ತಾ ಹೋಗಿ, ಜೊತೆಗೆ ಹಿಂದಿನದನ್ನು ಹಗುರಾಗಿ ಒತ್ತಿ. ಎರಡನೇ ಗೇರ್‌ಗೆ ಇಳಿಸಿ, ಕ್ಲಚ್ ಪೂರ್ತಿ ಬಿಟ್ಟು, ಆಮೇಲೆ ತಿರುಗಿಸಿ. ತಿರುವಿನೊಳಗೆ ಕ್ಲಚ್ ಹಿಡಿದು ಉರುಳಿಸಿಕೊಂಡು ಹೋಗುವ ಅಭ್ಯಾಸ ಊರಿನ ಟ್ರಾಫಿಕ್‌ನಲ್ಲಿ ಬಂದಿರುತ್ತದೆ. ಇಳಿಜಾರಿನಲ್ಲಿ ಹಾಗೆ ಮಾಡಿದರೆ ಎಂಜಿನ್ ಹಿಡಿತ ತಪ್ಪಿ ವೇಗ ತಾನಾಗಿ ಏರುತ್ತದೆ. ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಘಾಟಿ ಇಳಿಯುವುದಂತೂ ಬೇಡವೇ ಬೇಡ. ಅರ್ಧ ಘಾಟಿ ಇಳಿಯುವಷ್ಟರಲ್ಲಿ ಬ್ರೇಕ್ ಕಾದು ಲಿವರ್ ಮೆತ್ತಗಾಗುತ್ತದೆ. ಸುಟ್ಟ ವಾಸನೆ ಬಂದರೆ ಅಗಲವಾದ ಜಾಗದಲ್ಲಿ ಹದಿನೈದು–ಇಪ್ಪತ್ತು ನಿಮಿಷ ನಿಲ್ಲಿಸಿ. ಡಿಸ್ಕ್ ಮೇಲೆ ನೀರು ಸುರಿಯಬೇಡಿ.

ಬಲ ತಿರುವುಗಳಲ್ಲಿ ತೊಂದರೆಯಿಲ್ಲ ಎಂದಿದ್ದೀರಿ. ಒಂದು ಸಲ ಗಮನಿಸಿ: ಚಕ್ರ ನಿಮ್ಮ ಲೇನ್‌ನೊಳಗೇ ಇದ್ದರೂ ವಾಲಿದ ಗಾಡಿಯಲ್ಲಿ ನಿಮ್ಮ ತಲೆ, ಭುಜ, ಬಲಗನ್ನಡಿ ನಡುಗೆರೆಯ ಆಚೆಗಿರಬಹುದು. ಎದುರಿನ ಲಾರಿ ಗೆರೆಗೆ ತಾಗಿಕೊಂಡೇ ಬರುತ್ತಿರುತ್ತದೆ. ಬಲ ತಿರುವಿನಲ್ಲಿ ಚಕ್ರವನ್ನು ಗೆರೆಯಿಂದ ಕನಿಷ್ಠ ಒಂದೂವರೆ ಮೀಟರ್ ದೂರವಿಡಿ.

ಪ್ರಶ್ನೆ: ತಿರುವಿನೊಳಗೆ ಹೋದ ಮೇಲೆ ವೇಗ ಜಾಸ್ತಿಯಾಯಿತೆಂದು ಗೊತ್ತಾದರೆ? ನನಗೆ ಕೈ ತಾನಾಗಿ ಮುಂದಿನ ಬ್ರೇಕ್‌ಗೆ ಹೋಗುತ್ತದೆ. – ಓದುಗರು, ತುಮಕೂರು

ಉತ್ತರ: ಆ ಕ್ಷಣದಲ್ಲಿ ಮೊದಲು ತಪ್ಪುವುದು ಕೈಯಲ್ಲ, ಕಣ್ಣು. ಭಯವಾದಾಗ ದೃಷ್ಟಿ ತಡೆಗೋಡೆಗೋ ಎದುರಿನ ಬಸ್ಸಿಗೋ ನೆಟ್ಟುಬಿಡುತ್ತದೆ, ನೋಡಿದ ಕಡೆಗೇ ಗಾಡಿಯೂ ಹೋಗುತ್ತದೆ. ಗಲ್ಲವನ್ನೇ ತಿರುಗಿಸಿ ರಸ್ತೆ ಕಾಣೆಯಾಗುವ ದೂರದ ಬಿಂದುವನ್ನು ನೋಡಿ.

ಆಮೇಲೆ ಹ್ಯಾಂಡಲ್. ಎಡ ತಿರುವಾದರೆ ಎಡಗೈ ಹಿಡಿಯನ್ನು ಮುಂದಕ್ಕೆ ಒತ್ತಿ. ಕೇಳಲು ಉಲ್ಟಾ ಅನಿಸುತ್ತದೆ. ಆದರೆ ನಡಿಗೆಯ ವೇಗ ದಾಟಿದ ಬೈಕ್ ತಿರುಗುವುದೇ ಹಾಗೆ: ಎಡಹಿಡಿಯನ್ನು ಒತ್ತಿದಾಗ ಮುಂಚಕ್ರ ಅರೆಕ್ಷಣ ಬಲಕ್ಕೆ ಹೊರಳಿ, ಗಾಡಿ ಎಡಕ್ಕೆ ವಾಲುತ್ತದೆ. ಒಣಗಿದ ಒಳ್ಳೆಯ ರಸ್ತೆಯಲ್ಲಿ ಹೊಸ ಸವಾರ ಹೆದರಿ ನಿಲ್ಲುವ ಕೋನಕ್ಕೂ ಟೈರ್ ನಿಜಕ್ಕೂ ಜಾರುವ ಕೋನಕ್ಕೂ ನಡುವೆ ಬೇಕಾದಷ್ಟು ಅಂತರವಿರುತ್ತದೆ. ಹಾಗಾಗಿ ಹೆಚ್ಚಿನ ಸಲ ಇನ್ನಷ್ಟು ವಾಲಿಸುವುದೇ ಪಾರಾಗುವ ದಾರಿ.

ಆಕ್ಸಿಲರೇಟರ್ ಅನ್ನು ದಿಢೀರ್ ಮುಚ್ಚಬೇಡಿ. ಭಾರವೆಲ್ಲ ಮುಂದಕ್ಕೆ ಬಿದ್ದು ಗಾಡಿ ತೂಗಾಡುತ್ತದೆ. ವೇಗ ಇಳಿಸಲೇಬೇಕಾದರೆ ಹಿಂದಿನ ಬ್ರೇಕನ್ನು ಮೆತ್ತಗೆ ಒತ್ತಿ. ಮುಂದಿನದನ್ನು ಗಬಕ್ಕನೆ ಹಿಡಿದರೆ ಒಂದೋ ಗಾಡಿ ನೆಟ್ಟಗೆದ್ದು ಹೊರಕ್ಕೆ ಓಡುತ್ತದೆ, ಇಲ್ಲವೇ ಮುಂಚಕ್ರ ಜಾರುತ್ತದೆ. ಹೊರಬದಿಯಲ್ಲಿ ಜಾಗವಿದ್ದು ಎದುರು ಯಾರೂ ಇಲ್ಲದಿದ್ದರೆ ಇನ್ನೊಂದು ದಾರಿಯಿದೆ: ಗಾಡಿಯನ್ನು ಪೂರ್ತಿ ನೆಟ್ಟಗೆ ಮಾಡಿ, ನೇರ ಗೆರೆಯಲ್ಲಿ ಎರಡೂ ಬ್ರೇಕ್ ಹಿಡಿದು, ಮತ್ತೆ ತಿರುಗಿಸುವುದು. ವಾಲಿಕೊಂಡೇ ಗಟ್ಟಿಯಾಗಿ ಬ್ರೇಕ್ ಹಿಡಿಯುವ ಅರೆಬರೆ ಕೆಲಸವೇ ಬೀಳಿಸುವುದು.

ಆ ದೂರದ ಬಿಂದು ನಿಮ್ಮ ಕಡೆಗೆ ಧಾವಿಸಿ ಬರುತ್ತಿದ್ದರೆ ತಿರುವು ಇನ್ನೂ ಬಿಗಿಯಾಗುತ್ತಿದೆ ಎಂದರ್ಥ, ವೇಗ ಇಳಿಸಿ. ಅದು ದೂರ ಸರಿಯತೊಡಗಿದರೆ ರಸ್ತೆ ಬಿಚ್ಚಿಕೊಳ್ಳುತ್ತಿದೆ. ಇದನ್ನು ತಿರುವಿಗೆ ಮೊದಲೇ ನೋಡಿಕೊಂಡರೆ ಮೇಲಿನ ಯಾವ ಸಾಹಸವೂ ಬೇಕಾಗುವುದಿಲ್ಲ. ಗಂಟೆಗೆ 40 ಕಿ.ಮೀ. ಎಂದರೆ ಸೆಕೆಂಡಿಗೆ 11 ಮೀಟರ್. ಬ್ರೇಕ್ ಮುಟ್ಟಲು ಒಂದು ಸೆಕೆಂಡ್, ನಿಲ್ಲಲು ಮತ್ತೆ ಹತ್ತು ಹನ್ನೊಂದು ಮೀಟರ್, ಒಟ್ಟು 20 ಮೀಟರ್ ದಾಟುತ್ತದೆ. ಇದು ಸಮತಟ್ಟಾದ ಒಣ ರಸ್ತೆಯ ಲೆಕ್ಕ. ತಿರುವಿನಾಚೆ 15 ಮೀಟರ್ ಮಾತ್ರ ಕಾಣುತ್ತಿದ್ದರೆ 40ರಲ್ಲಿ ಹೋಗುವಂತಿಲ್ಲ.

ಪ್ರಶ್ನೆ: ಎಬಿಎಸ್ (ಗಟ್ಟಿಯಾಗಿ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಬೈಕ್‌ಗೂ ಇದೆಲ್ಲ ಅನ್ವಯಿಸುತ್ತದೆಯೇ? – ಓದುಗರು, ಮೈಸೂರು

ಉತ್ತರ: ಹೌದು. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಹೊಸ ಬೈಕ್‌ಗಳಿಗೆಲ್ಲ ಎಬಿಎಸ್ ಕಡ್ಡಾಯ. ಆದರೆ 150–160 ಸಿಸಿಯ ಹಲವು ಮಾದರಿಗಳಲ್ಲಿ ಅದು ಮುಂಚಕ್ರಕ್ಕೆ ಮಾತ್ರ, ಹಿಂಚಕ್ರ ಲಾಕ್ ಆಗುತ್ತದೆ. ಸಾಮಾನ್ಯ ಎಬಿಎಸ್ ಗಾಡಿ ಎಷ್ಟು ವಾಲಿದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದನ್ನು ಅಳೆಯುವ ವ್ಯವಸ್ಥೆ ಇರುವುದು ದುಬಾರಿ ಬೈಕ್‌ಗಳಲ್ಲಿ.

ಪ್ರಶ್ನೆ: ಸೋಮೇಶ್ವರದಿಂದ ಆಗುಂಬೆ ಹತ್ತುವಾಗ ಹೇರ್‌ಪಿನ್ ತಿರುವಿನಲ್ಲಿ ಎಂಜಿನ್ ಆಫ್ ಆಗಿ, ಹಿಂದೆ ಕೂತ ಹೆಂಡತಿಯೊಂದಿಗೆ ಬೀಳುವುದರಲ್ಲಿದ್ದೆ. – ಓದುಗರು, ಉಡುಪಿ

ಉತ್ತರ: ಇಬ್ಬರನ್ನು ಹೊತ್ತು ಎರಡನೇ ಗೇರ್‌ನಲ್ಲಿ ತಿರುವಿನ ಒಳಅಂಚಿಗೆ ಹೋಗಿದ್ದೀರಿ ಎಂದು ತೋರುತ್ತದೆ. ಹೇರ್‌ಪಿನ್‌ನಲ್ಲಿ ಒಳಅಂಚೇ ಅತಿ ಕಡಿದು. ಎಡ ಹೇರ್‌ಪಿನ್‌ನಲ್ಲಿ ನಿಮ್ಮ ಲೇನ್‌ನ ಹೊರಭಾಗದಲ್ಲಿ ಹೋದರೆ ಏರು ಅಷ್ಟು ಚುಚ್ಚುವುದಿಲ್ಲ. ಮೊದಲನೇ ಗೇರ್‌ಗೆ ಮುಂಚೆಯೇ ಇಳಿಸಿ. ಎಂಜಿನ್ ಸ್ವಲ್ಪ ಏರಿದ ದನಿಯಲ್ಲೇ ಇರಲಿ, ಕ್ಲಚ್ ಅರ್ಧ ಹಿಡಿತದಲ್ಲಿ, ಬಲಗಾಲು ಹಿಂದಿನ ಬ್ರೇಕ್ ಮೇಲೆ ತುಸು ಭಾರವಾಗಿ. ನಿಧಾನ ವೇಗದಲ್ಲಿ ಗಾಡಿ ಸ್ಥಿರವಾಗಿ ನಿಲ್ಲುವುದು ಈ ಮೂರರ ಹೊಂದಾಣಿಕೆಯಿಂದ. ಹ್ಯಾಂಡಲ್ ಪೂರ್ತಿ ತಿರುಗಿರುವಾಗ ಮುಂದಿನ ಬ್ರೇಕ್ ಮುಟ್ಟಿದರೆ ಗಾಡಿ ತಟ್ಟನೆ ಒಳಕ್ಕೆ ಮಲಗುತ್ತದೆ.

ಏರುವ ವಾಹನಕ್ಕೆ ಮೊದಲ ಹಕ್ಕು ಎಂಬುದು ನಿಯಮ. ಆದರೆ ತಿರುವಿನೊಳಗೆ ಆಗಲೇ ಸಿಕ್ಕಿಕೊಂಡಿರುವ ಬಸ್ಸಿಗೆ ಇಡೀ ರಸ್ತೆ ಬೇಕು. ಹಾರ್ನ್ ಕೇಳಿದರೆ ತಿರುವಿಗೆ ಹತ್ತು ಹದಿನೈದು ಮೀಟರ್ ಮೊದಲೇ ಎಡಕ್ಕೆ ನಿಲ್ಲಿಸಿ ಕಾಯಿರಿ. ಹೊರಡುವಾಗ ಹಿಂದಿನ ಬ್ರೇಕ್ ಹಿಡಿದಿಟ್ಟು, ಕ್ಲಚ್ ಕಚ್ಚಿದ್ದು ತಿಳಿದ ಮೇಲೆ ಬ್ರೇಕ್ ಬಿಡಿ.

ಹಿಂದೆ ಕೂತವರಿಗೆ ಒಂದೇ ಸೂಚನೆ ಸಾಕು: ಎಡ ತಿರುವಿನಲ್ಲಿ ನಿಮ್ಮ ಎಡ ಭುಜದ ಮೇಲಿಂದ, ಬಲ ತಿರುವಿನಲ್ಲಿ ಬಲ ಭುಜದ ಮೇಲಿಂದ ನೋಡಲಿ. ಮೈ ತಾನಾಗಿ ಸರಿಯಾದ ಕಡೆಗಿರುತ್ತದೆ. ಸೀರೆಯುಟ್ಟು ಒಂದೇ ಪಕ್ಕಕ್ಕೆ ಕಾಲಿಟ್ಟು ಕೂರುವುದು ಘಾಟಿಯಲ್ಲಿ ಬೇಡ, ಸಮತೋಲ ಕೆಡುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ಎಷ್ಟು ವೇಗ ಸುರಕ್ಷಿತ? – ಓದುಗರು, ಶಿವಮೊಗ್ಗ

ಉತ್ತರ: ಸಂಖ್ಯೆಗಿಂತ ರಸ್ತೆಯ ಮೈ ಮುಖ್ಯ. ಹೇರ್‌ಪಿನ್‌ಗಳಲ್ಲಿ ಲಾರಿ ಟ್ಯಾಂಕಿನಿಂದ ಚೆಲ್ಲಿದ ಡೀಸೆಲ್ ಕಾಮನಬಿಲ್ಲಿನಂತೆ ಹೊಳೆಯುತ್ತದೆ. ಕಾಡಿನ ನೆರಳಿರುವ ಅಂಚಿನಲ್ಲಿ ಪಾಚಿ, ಗುಡ್ಡದಿಂದ ನೀರು ಹರಿದ ಕಡೆ ಜಲ್ಲಿ ಮತ್ತು ಕೆಂಪು ಮಣ್ಣು, ಕೊಳೆತ ಎಲೆ. ಬಿಳಿ ಬಣ್ಣದ ಗೆರೆಗಳ ಮೇಲೆ ವಾಲಿಕೊಂಡು ಹೋಗಬೇಡಿ. ಜಲ್ಲಿ ಎದುರಾದರೆ ಅದಕ್ಕೆ ಮೊದಲೇ ನಿಧಾನಿಸಿ, ಅದರ ಮೇಲೆ ಗಾಡಿ ಆದಷ್ಟು ನೆಟ್ಟಗಿರಲಿ, ಬ್ರೇಕ್ ಬೇಡ. ಬಹುದಿನಗಳ ಬಿಸಿಲಿನ ನಂತರದ ಮೊದಲ ಮಳೆ ಜೋರು ಮಳೆಗಿಂತ ಹೆಚ್ಚು ಜಾರಿಸುತ್ತದೆ, ಎಣ್ಣೆ, ಧೂಳು ಇನ್ನೂ ತೊಳೆದುಹೋಗಿರುವುದಿಲ್ಲ. ಮಂಜು ಕವಿದಾಗ ಹೆಡ್‌ಲೈಟ್ ಲೋ ಬೀಮ್‌ನಲ್ಲಿರಲಿ.

ಪ್ರಶ್ನೆ: ಹೊರಡುವ ಮೊದಲು ಗಾಡಿಯಲ್ಲಿ ಏನು ನೋಡಿಕೊಳ್ಳಬೇಕು? ಎಲ್ಲಿ ಅಭ್ಯಾಸ ಮಾಡಬೇಕು? – ಓದುಗರು, ದಾವಣಗೆರೆ

ಉತ್ತರ: ಟೈರ್ ತಣ್ಣಗಿರುವಾಗ ಗಾಳಿ ನೋಡಿ. ಪ್ರಮಾಣ ಚೈನ್ ಕವರ್ ಅಥವಾ ಸ್ವಿಂಗ್‌ಆರ್ಮ್ (ಹಿಂಚಕ್ರವನ್ನು ಹಿಡಿದಿಡುವ ತೋಳು) ಮೇಲಿನ ಸ್ಟಿಕ್ಕರ್‌ನಲ್ಲಿದೆ. ಇಬ್ಬರು ಕೂತರೆ ಹಿಂದಿನ ಟೈರ್‌ಗೆ ಹೆಚ್ಚು ಎಂದು ಅದೇ ಹೇಳುತ್ತದೆ. ಊರೊಳಗೆ ನೇರ ಓಡಿಸಿದ ಟೈರ್ ನಡುವೆ ಸವೆದು ಚಪ್ಪಟೆಯಾಗಿರುತ್ತದೆ, ವಾಲಿಸುವಾಗ ತಟಕ್ಕನೆ ಹೊರಳಿದಂತಾಗುವುದು ಅದರಿಂದ. ಹೊಸ ಟೈರ್ ಹಾಕಿಸಿದ್ದರೆ ಮೊದಲ ನೂರು ನೂರೈವತ್ತು ಕಿ.ಮೀ. ನಯವಾಗಿ ಓಡಿಸಿ. ಚೈನ್ ತೀರಾ ಸಡಿಲವಿದ್ದರೆ ತಿರುವಿನ ನಡುವೆ ಆಕ್ಸಿಲರೇಟರ್ ತೆರೆದಾಗ ಜಗ್ಗುತ್ತದೆ. ಸಾಮಾನ್ಯ ಬೈಕ್‌ಗಳಲ್ಲಿ 20ರಿಂದ 30 ಮಿ.ಮೀ. ಸಡಿಲ ಸಾಕು.

ಅಭ್ಯಾಸಕ್ಕೆ ಡಾಂಬರು ಅಥವಾ ಸಿಮೆಂಟಿನ ಖಾಲಿ ಆವರಣ ಹುಡುಕಿ, ಮಣ್ಣಿನ ಮೈದಾನ ಬೇಡ. ಸೀಮೆಸುಣ್ಣದಲ್ಲಿ 10 ಮೀಟರ್ ತ್ರಿಜ್ಯದ ವೃತ್ತ ಬರೆದು 15 ಕಿ.ಮೀ.ಯಿಂದ ಶುರುಮಾಡಿ, ಎರಡೂ ದಿಕ್ಕಿನಲ್ಲಿ ಸುತ್ತಿ. ಕಣ್ಣು ಯಾವಾಗಲೂ ಕಾಲು ವೃತ್ತ ಮುಂದಿರಲಿ. ಎಡಕ್ಕೆ ಸಲೀಸಾಗಿ, ಬಲಕ್ಕೆ ಬಿಗಿಯಾಗಿ ಅನಿಸುವುದು ಹಲವರಿಗೆ ಸಹಜ, ಆಕ್ಸಿಲರೇಟರ್ ಹಿಡಿದ ಬಲಗೈ ಒಳಮಡಚಿಕೊಳ್ಳುತ್ತದೆ. ಮೊಣಕೈ ಸಡಿಲಬಿಟ್ಟು ಆ ಕಡೆಗೇ ಹೆಚ್ಚು ಸುತ್ತಿ. 20 ಕಿ.ಮೀ.ಯಲ್ಲಿ ಗೆರೆ ಬಿಡದೆ ಸುತ್ತಲು ಬಂದ ಮೇಲೆ ವಾರದ ದಿನದ ಬೆಳಗ್ಗೆ, ಒಬ್ಬರೇ, ಪರಿಚಯದ ಘಾಟಿಗೆ ಹೋಗಿ. ಮೊದಲು ಹತ್ತಿ, ಇಳಿಯುವುದು ಆಮೇಲೆ.